ರೊಟ್ಟಿ ಬುಟ್ಟಿಗೆ ಕೊಟ್ಟ ಆರನೆಯ ಸೀಟು

ಗದಗ
ಫೆಬ್ರವರಿ ೩೦, ೨೧೯೧

ಚನ್ನವೀರಪ್ಪ ಅಜ್ಜನವರಿಗೆ ನಿಮ್ಮ ಮೊಮ್ಮಗನ ಮೊಮ್ಮಗನ ಮೊಮ್ಮಗಳು ಗುರುದೇವಿಯ ನಮಸ್ಕಾರ. ಅಕ್ಷರ ಸೊಟ್ಟಗಿವೆ, ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು, ಕ್ಷಮಿಸಬೇಕು. ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಮಿಕ್ಕುವ ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ. ಅವನ್ನು ಬಿಡಿದಿನ ಎನ್ನುತ್ತೇವೆ, ಆ ದಿನಗಳಲ್ಲಿ ರೈಲು ಓಡುವುದಿಲ್ಲ.

ಈ ಪತ್ರಕ್ಕೆ ಹಿಂದೋಲೆ ಎಂದು ಹೆಸರು, ಅಂದರೆ ಹಿಂದಿನವರಿಗೆ ಬರೆಯುವ ಓಲೆ. ಅಂಚೆ ಕಚೇರಿಯಲ್ಲಿ ಇದಕ್ಕೆ ಬೇರೆ ಕಿಟಕಿ ಇದೆ. ಕೈಯಲ್ಲೇ ಬರೆದು ಕೊಡಬೇಕು. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಆದರೂ ಸಾಲು ತಪ್ಪುವುದಿಲ್ಲ. ಹೆಚ್ಚಿನವರು ಬೈಯಲಿಕ್ಕೇ ಬರುತ್ತಾರೆ ಎಂದು ಅಲ್ಲಿ ಕೂರುವ ಅಕ್ಕ ಹೇಳಿದರು. ಬಿಸಿಲಿಗೆ ಬೈಯುತ್ತಾರಂತೆ, ಕೆರೆ ಮುಚ್ಚಿದ್ದಕ್ಕೆ ಬೈಯುತ್ತಾರಂತೆ. ನಾನು ಒಂದು ಸೀಟಿಗಾಗಿ ಬರೆಯುತ್ತಿದ್ದೇನೆ. ನನಗೆ ಬಾಯಿ ಕಡಿಮೆ. ಎದುರಿಗೆ ಸಿಕ್ಕಿದ್ದರೆ ನಿಮ್ಮ ಮುಂದೆ ತಲೆ ಎತ್ತುತ್ತಿರಲಿಲ್ಲ. ಕಾಗದದ ಮೇಲೆ ಎತ್ತುತ್ತೇನೆ.

ಈಗ ವಿಮಾನಗಳು ಊರು ನೋಡುವವರನ್ನು ಹತ್ತಿಸಿಕೊಳ್ಳುವುದಿಲ್ಲ. ಒಂದು ಮನೆಗೆ ಒಂದು ತಲೆಮಾರಿನಲ್ಲಿ ಒಂದೇ ಸಲ ದೂರದ ಪಯಣ, ಅದೂ ರೈಲಿನಲ್ಲಿ, ಐವತ್ತು ದಿನ. ಅದಕ್ಕೆ ತುಂಬುವ ಕಾಗದವೇ ತಲೆಮಾರಿನ ಅರ್ಜಿ. ಹುಬ್ಬಳ್ಳಿಯಿಂದ ಇಸ್ತಾಂಬುಲ್‌ಗೆ ಒಂಬತ್ತು ದಿನ. ಅಲ್ಲಿಂದ ವಿಯೆನ್ನಾ, ವೆನಿಸ್, ಮಿಲಾನ್, ಜೂರಿಕ್, ಪ್ಯಾರಿಸ್. ಈ ಕೊನೆಯ ಐದು ಊರು ನಮ್ಮ ಮನೆಯಲ್ಲಿ ತೊಟ್ಟಿಲ ಕೂಸಿಗೂ ಬಾಯಿಪಾಠ, ಏಕೆಂದರೆ ಅವು ನಿಮ್ಮ ಹೊತ್ತಿಗೆಯಲ್ಲಿವೆ. ನೀವು ೨೦೨೬ರಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ನಾಲ್ಕು ದೇಶ ಸುತ್ತಲು ಮಾಡಿಸಿದ ನೀಲಿ ರಟ್ಟಿನ ಹೊತ್ತಿಗೆ ದೇವರ ಮಾಡಿನಲ್ಲಿದೆ, ವಿಭೂತಿ ಗಟ್ಟಿಯ ಪಕ್ಕ. ನಿಮ್ಮ ನಂತರ ನಮ್ಮ ಮನೆಯವರು ಎಲ್ಲಿಗೆ ಹೋದರೂ ಅದನ್ನು ನೋಡಿಯೇ ಹೋಗಿದ್ದಾರೆ.

ಈ ಸಲದ ಪಯಣ ನಮ್ಮ ದೊಡ್ಡಪ್ಪ ಮುರಿಗೆಪ್ಪನವರ ಹಿರೇತನದಲ್ಲಿ. ಅವರು ಹೊತ್ತಿಗೆಯನ್ನು ಎಷ್ಟು ನಂಬುತ್ತಾರೆಂದರೆ ಮೇ ಮೂವತ್ತೊಂದಕ್ಕೆ ಮಿಲಾನ್ ಬಿಡುವುದು ಎಂದು ಅದರಲ್ಲಿದ್ದಂತೆಯೇ ಕರಡಿನಲ್ಲಿ ಇಳಿಸಿದ್ದರು. ನಮ್ಮ ಮೇ ತಿಂಗಳಿಗೆ ಮೂವತ್ತೊಂದಿಲ್ಲ. ನಾನು ತೋರಿಸಿದೆ, ಅವರು ಕನ್ನಡಕ ಒರೆಸಿಕೊಂಡು ಕರಡನ್ನು ನನ್ನ ಕಡೆಗೆ ಸರಿಸಿದರು. ಅಂದಿನಿಂದ ಪಯಣದ ಕೆಲಸವೆಲ್ಲ ನನ್ನ ಕೈಗೆ ಬಂತು. ಎರಡು ವರ್ಷ ಕೂತು ಮಾಡಿದೆ. ವೆನಿಸ್‌ನಲ್ಲಿ ಈಗ ಇಳಿಯಲು ಬಿಡುವುದಿಲ್ಲ, ರೈಲು ಸೇತುವೆಯ ಮೇಲೆ ಮೆಲ್ಲಗೆ ಹೋಗಿ ನೀರಿನ ಊರನ್ನು ತೋರಿಸಿ ಹಿಂದಿರುಗುತ್ತದೆ. ಜೂರಿಕ್‌ನಲ್ಲಿ ಬಿಸಿ ಅಡುಗೆಗೆ ವಾರ ಮೊದಲೇ ಹೇಳಬೇಕು. ದೊಡ್ಡವ್ವನಿಗೆ ಮೇಲಿನ ಹಾಸಿಗೆ ಆಗದು. ನಿಜಗುಣ ಅಣ್ಣನಿಗೂ ಅವನ ಹೆಂಡತಿಗೂ ಒಂದೇ ಡಬ್ಬಿಯಲ್ಲಿ ಜಾಗ ಬೇಕು. ನನ್ನ ಅವ್ವನಿಗೆ ಸುರಂಗದಲ್ಲಿ ಎದೆ ಡವಗುಟ್ಟುತ್ತದೆ, ಪಕ್ಕದಲ್ಲಿ ಯಾರಾದರೂ ಕೈ ಹಿಡಿದುಕೊಳ್ಳಬೇಕು. ಆ ಕೈ ನನ್ನದೆಂದು ತಿಳಿದುಕೊಂಡು ಅವಳ ಪಕ್ಕದ ಸೀಟು ಗುರುತು ಮಾಡಿದ್ದೆ. ಮನೆಯಲ್ಲಿ ನಾವು ಆರು ಜನ. ಸೀಟೂ ಆರು.

ಹೋದ ಸೋಮವಾರ ದೊಡ್ಡಪ್ಪ ಅರ್ಜಿಯನ್ನು ಶಾಯಿಯಲ್ಲಿ ತುಂಬಿ ನನಗೆ ಓದಲು ಕೊಟ್ಟರು. ಐದು ಹೆಸರು ಸರಿ ಇದ್ದವು. ಆರನೆಯ ಸೀಟಿನ ಮುಂದೆ "ರೊಟ್ಟಿ ಬುಟ್ಟಿ" ಎಂದಿತ್ತು. ಐವತ್ತು ದಿನಕ್ಕೆ ಬೇಕಾಗುವ ಖಡಕ್ ರೊಟ್ಟಿ ನೆಲದ ಮೇಲಿಟ್ಟರೆ ಮೆತ್ತಗಾಗುತ್ತವೆ, ಕಾಲು ತಾಗುತ್ತದೆ, ಅದಕ್ಕೆ ಬುಟ್ಟಿಗೊಂದು ಸೀಟು. ನನ್ನ ಹೆಸರು ಕೆಳಗೆ ಬೇರೆ ಸಾಲಿನಲ್ಲಿತ್ತು: ಒತ್ತಾಳು.

ಒತ್ತಾಳು ಎಂದರೆ ನಿಮಗೆ ತಿಳಿಯದು. ನಮ್ಮ ಓಣಿಯ ತುದಿಗೆ ನೀರಿನ ಕಂಬವಿದೆ. ದಿನಾ ಬೆಳಿಗ್ಗೆ ಮನೆಯವರೊಬ್ಬರು ಸಾಲಿನಲ್ಲಿ ನಿಂತು ಅದಕ್ಕೆ ಹೆಬ್ಬೆರಳು ಒತ್ತಬೇಕು, ಆಗ ಮಾತ್ರ ಆ ಮನೆಯ ನೀರು ಬರುತ್ತದೆ. ಏಳು ದಿನ ಒತ್ತದಿದ್ದರೆ ಪಾಲು ಹೋಗುತ್ತದೆ. ಹತ್ತು ವರ್ಷದವಳಿದ್ದಾಗಿನಿಂದ ಆ ಬೆರಳು ನನ್ನದು. ಸಾಲು ಮುಗಿಯುವ ಹೊತ್ತಿಗೆ ಶಾಲೆಯ ಬಾಗಿಲು ಹಾಕಿರುತ್ತಿತ್ತು. ನಾಲ್ಕನೆಯ ಇಯತ್ತೆಗೆ ನಿಂತದ್ದು ಹೀಗೆ, ದಡ್ಡತನದಿಂದಲ್ಲ. ಮಾಸ್ತರರು ನಕ್ಷತ್ರ ತೋರಿಸಲು ಶುರುಮಾಡಿದ್ದ ವಾರವೇ ನಾನು ಶಾಲೆ ಬಿಟ್ಟದ್ದು.

ನನಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು. ಪಕ್ಕದ ಮನೆಯ ಬೀಬಿಜಾನ್ ಅಕ್ಕ ಸಾಲಿನಲ್ಲಿ ನನ್ನ ಮುಖ ನೋಡಿ ಕೇಳಿದರು. ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ.

"ಬುಟ್ಟಿಗೆ ಕಿಟಕಿ ಸೀಟ ಕೊಟ್ಟಾನ ನಿಮ್ಮ ದೊಡ್ಡಪ್ಪ? ರೊಟ್ಟಿಗೆ ಹಿಮ ತೋರಸ್ತಾನೇನವಾ?"

ನಕ್ಕಾದ ಮೇಲೆ ಕಂಬದ ಕಚೇರಿಗೆ ನನ್ನನ್ನು ಎಳೆದುಕೊಂಡು ಹೋದರು. ನೆರೆಯವರು ಒಪ್ಪಿದರೆ ಅರವತ್ತು ದಿನದವರೆಗೆ ಅವರ ಬೆರಳೇ ಸಾಕಂತೆ. ಆ ನಿಯಮ ಗೋಡೆಯ ಮೇಲೆಯೇ ಬರೆದಿತ್ತು. ಇಷ್ಟು ವರ್ಷ ಅದರ ಕೆಳಗೇ ನಿಂತಿದ್ದೇನೆ. ಇಬ್ಬರೂ ಜೊತೆಗೆ ಬೆರಳು ಒತ್ತಿ ಬಂದೆವು.

ಮನೆಗೆ ಬಂದು ಹೇಳಿದಾಗ ದೊಡ್ಡಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಸಣ್ಣ ಹುಡುಗಿಗೆ ತಿಳಿಹೇಳುವಂತೆ ಹೇಳಿದರು, ನೀರು ಒಂದು ನೆಪ, ಮನೆಗೆ ಒಬ್ಬರು ಇರಬೇಕು, ಹೊತ್ತಿಗೆಯ ಕಡೆಯ ಹಾಳೆಯಲ್ಲಿ ಹಿರಿಯರು ಹಾಗೆ ಬರೆದಿದ್ದಾರೆ, ಆಮೇಲೆ ಪ್ರತಿ ತಲೆಮಾರಿನಲ್ಲೂ ಒಬ್ಬರು ಉಳಿದಿದ್ದಾರೆ, ಯಾರೂ ಒಂದು ಮಾತು ಆಡಿಲ್ಲ. ಅದು ನಿಜ. ನೀರಿನ ಕಂಬ ಬಂದು ಎಂಬತ್ತು ವರ್ಷ. ಒಬ್ಬರನ್ನು ಬಿಟ್ಟು ಹೋಗುವ ಪದ್ಧತಿ ಅದಕ್ಕಿಂತ ಹಳೆಯದು. ಅದು ನಿಮ್ಮದು.

ನಾನು ಕೈಕಾಲು ತೊಳೆದು ಮಾಡಿನಿಂದ ಹೊತ್ತಿಗೆ ಇಳಿಸಿದೆ. ಎಲ್ಲರೂ ಅದರಲ್ಲಿ ಊರು, ತಾರೀಖು ಓದುತ್ತಾರೆ. ನಾನು ಎರಡು ವರ್ಷ ಅದರ ಅಕ್ಷರ ನೋಡಿದ್ದೇನೆ. ಅದರಲ್ಲಿ ಎರಡು ಕೈ ಇವೆ, ಅಜ್ಜ. ರೈಲಿನ ಹೊತ್ತು, ಅದು ನಿಲ್ಲುವ ಕಟ್ಟೆಯ ನಂಬರು, ಎಷ್ಟು ಚಟ್ನಿಪುಡಿ, ಯಾವ ಚೀಲ ಯಾರ ಹೆಗಲಿಗೆ, ಇದೆಲ್ಲ ಒಂದು ದುಂಡು ಕೈಯದು. "ಮಿಲಾನಿನಾಗ ಗಾಡಿ ಬದಲಿ, ಹದಿನಾಕು ನಿಮಿಷ. ಅಣ್ಣನ ಮೊಣಕಾಲು ನೋವು, ಮುಂದಿನ ಡಬ್ಬೀನ ಬೇಕು" ಎಂದು ಬರೆದ ಕೈ ಅದು. "ವೈನಿಗೆ ಹಿಂದ ಮುಖ ಮಾಡಿ ಕುಂತ್ರ ವಾಂತಿ" ಎಂದೂ ಬರೆದಿದೆ. ಮಿಲಾನಿನಿಂದ ಜೂರಿಕ್‌ಗೆ ಹೋಗುವ ಹಾಳೆಯ ಅಂಚಿನಲ್ಲಿ, ಬಹಳ ಸಣ್ಣದಾಗಿ, "ಇಲ್ಲಿ ಕಿಟಕಿ ನನಗ" ಎಂದಿದೆ.

ಕಡೆಯ ಹಾಳೆ ನಿಮ್ಮ ಕೈಯದು, ಓರೆ ಅಕ್ಷರ. ನಿಮ್ಮ ಹೆಸರು, ಆ ವೈನಿಯ, ಅಂದರೆ ನಿಮ್ಮ ಹೆಂಡತಿಯ ಹೆಸರು, ಮೂರು ಮಕ್ಕಳ ಹೆಸರು. ಅದರ ಕೆಳಗೆ ಗೆರೆ ಎಳೆದು ನಿಮ್ಮ ತಂಗಿಯ ಹೆಸರು, ಮುಂದೆ ಒಂದೇ ಮಾತು: "ಶಿವಲೀಲಾ ಮನಿಗೆ."

ಏಕೆ? ಮನೆಗೆ ಬೀಗ ಇರಲಿಲ್ಲವೆ? ನಿಮ್ಮ ಮೊಣಕಾಲಿಗೆ ಡಬ್ಬಿ ಹುಡುಕಿದವಳು ಅವಳು. ಯಾವ ದೇಶದಲ್ಲಿ ಎಷ್ಟು ಗಂಟೆಗೆ ಹಸಿವಾಗುತ್ತದೆಂದು ನಿಮ್ಮ ಮಕ್ಕಳ ಹೊಟ್ಟೆಯನ್ನೂ ಯೋಚಿಸಿದವಳು. ಹೋಗುತ್ತೇನೆಂದು ತಿಳಿದುಕೊಂಡೇ ಅಷ್ಟೂ ಹಾಳೆ ಬರೆದಿದ್ದಾಳೆ. ಕಿಟಕಿ ಕೇಳಿದ್ದಾಳೆ, ಅದೂ ಐದು ಊರಿನಲ್ಲಿ ಒಂದೇ ಕಡೆ. ನೀವು ಆ ಹಾಳೆ ಓದಿದ್ದೀರಿ, ಏಕೆಂದರೆ ಅದೇ ಹಾಳೆಯಲ್ಲಿ ನೀವು ಒಂದು ಹೊತ್ತನ್ನು ತಿದ್ದಿದ್ದೀರಿ. ಓದಿ, ತಿದ್ದಿ, ಮುಂದಿನ ಹಾಳೆಗೆ ಹೋದಿರಿ. ಅವಳು ಏನೂ ಅಂದಿರಲಿಕ್ಕಿಲ್ಲ. ನಿಮ್ಮ ಚೀಲ ತುಂಬಿ, ರೊಟ್ಟಿ ಬಡಿದು, ಬಾಗಿಲಲ್ಲಿ ನಿಂತು ಕೈ ಬೀಸಿರುತ್ತಾಳೆ. ಅವಳು ಸುಮ್ಮನಿದ್ದದ್ದನ್ನು ನೀವು ಒಪ್ಪಿಗೆ ಎಂದುಕೊಂಡಿರಿ. ಆ ಒಪ್ಪಿಗೆಯನ್ನು ನಮ್ಮ ಮನೆ ನೂರಾ ಅರವತ್ತೈದು ವರ್ಷದಿಂದ ತಿನ್ನುತ್ತಾ ಬಂದಿದೆ.

ಇಷ್ಟನ್ನು ದೊಡ್ಡಪ್ಪನಿಗೆ ಹೇಳಲು ನನಗೆ ಬರಲಿಲ್ಲ. ಅಂಚಿನ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇಷ್ಟು ವರ್ಷ ಪೂಜೆ ಮಾಡಿದ್ದರೂ ಆ ಸಾಲನ್ನು ಅವರು ನೋಡಿಯೇ ಇರಲಿಲ್ಲ.

"ಆಗಿನ ಕಾಲ ಬ್ಯಾರೆ ಇತ್ತವಾ," ಎಂದರು.

ನನ್ನ ಬಾಯಿಂದ ಮಾತು ಹೇಗೆ ಬಂತೋ ಗೊತ್ತಿಲ್ಲ. "ದೊಡ್ಡಪ್ಪಾರ, ಇದನ್ನ ಬರದಾಕಿ ಹೋಗಲಿಲ್ಲ. ನಿಮ್ಮದನ್ನ ಬರದಾಕಿ ಹೋಗತಾಳ."

ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ರೊಟ್ಟಿ ತಾನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆಂದು ಮಾತ್ರ ಹೇಳಿದಳು. ದೊಡ್ಡಪ್ಪ ಎದ್ದು ಹೊರಗೆ ಹೋದರು.

ಆಗ ನಾನು ಶಾಯಿ ತೆಗೆದುಕೊಂಡೆ. ತಲೆಮಾರಿನ ಅರ್ಜಿಯಲ್ಲಿ ಒಂದೇ ಸಲ ತಿದ್ದಲು ಬಿಡುತ್ತಾರೆ, ಎರಡನೆಯ ಸಲ ತಿದ್ದಿದರೆ ಅದು ರದ್ದಾಗುತ್ತದೆ, ಆಮೇಲೆ ಮುಂದಿನ ತಲೆಮಾರಿಗೇ. ಆ ಒಂದು ಸಲವನ್ನು ನಾನು ಬಳಸಿದೆ. ರೊಟ್ಟಿ ಬುಟ್ಟಿ ಎಂಬುದನ್ನು ಹೊಡೆದುಹಾಕಿ ಗುರುದೇವಿ ಎಂದು ಬರೆದೆ. ಈಗ ಮನೆಯ ಹಿರಿಯರ ಹೆಬ್ಬೆಟ್ಟು ಒಂದೇ ಬಾಕಿ. ಒತ್ತಿದರೆ ಆರು ಜನ ಹೋಗುತ್ತೇವೆ, ಇಲ್ಲವಾದರೆ ಯಾರೂ ಹೋಗುವುದಿಲ್ಲ. ಕಡೆಯ ದಿನ ನಾಡಿದ್ದು. ದೊಡ್ಡಪ್ಪ ಮೂರು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ನಿಜಗುಣ ಅಣ್ಣ ನನ್ನನ್ನು ಮನೆಮುರುಕಿ ಎಂದ. ಐವತ್ತು ದಿನ ಮನೆಯಲ್ಲಿ ಒಬ್ಬಳೇ ಇರು ಎಂದಾಗ ಮನೆ ಮುರಿಯಲಿಲ್ಲ, ಬರುತ್ತೇನೆ ಎಂದಾಗ ಮುರಿಯಿತು. ದೊಡ್ಡವ್ವ ನಿನ್ನೆ ಎಲ್ಲರಿಗೂ ಬಡಿಸಿ ನನ್ನ ತಟ್ಟೆಯನ್ನು ಮರೆತಳು, ನೆನಪಾಗಿ ಮತ್ತೆ ತಂದಿಟ್ಟಳು, ತುಪ್ಪ ಜಾಸ್ತಿ ಹಾಕಿದ್ದಳು. ಅವಳ ಮನಸ್ಸು ಯಾವ ಕಡೆ ಇದೆಯೋ ತಿಳಿಯದು. ನನಗೆ ಭಯವಿದೆ. ಆದರೆ ಅಳಿಸುವುದಿಲ್ಲ.

ನಿಮ್ಮಲ್ಲಿ ಕೇಳುವುದು ಇಷ್ಟೆ. ಈ ಓಲೆ ತಲುಪುವ ಹೊತ್ತಿಗೆ ನೀವು ಟಿಕೆಟ್ ತೆಗೆಸಿರಬಾರದೆಂದು ಬೇಡಿಕೊಳ್ಳುತ್ತೇನೆ. ಕಡೆಯ ಹಾಳೆ ಬರೆಯುವ ಮೊದಲು ಒಳಗೆ ಹೋಗಿ ಶಿವಲೀಲಾ ಅಜ್ಜಿಯನ್ನು ಕೇಳಿ. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಿ ಕೇಳಬೇಡಿ, ಕೂತು ಕೇಳಿ. ಮೊದಲ ಸಲ ಅವಳು ಬೇಡ ಅಣ್ಣ, ನೀವೆಲ್ಲ ಹೋಗಿ ಬರ್ರಿ ಎನ್ನುತ್ತಾಳೆ. ನಮಗೆ ಹಾಗೆ ಅನ್ನುವುದೇ ರೂಢಿ. ಎರಡನೆಯ ಸಲ ಕೇಳಿ. ಮನೆಗೆ ಬೀಗ ಹಾಕಿ, ಕೀಲಿ ನೆರೆಯವರಿಗೆ ಕೊಡಿ. ನೀವು ಹಾಗೆ ಮಾಡಿದರೆ ನಾನು ಈ ಪತ್ರ ಬರೆಯುವ ಪ್ರಸಂಗವೇ ಬರಲಿಕ್ಕಿಲ್ಲ, ಐದನೆಯ ಇಯತ್ತೆಗೂ ಹೋಗಿರುತ್ತೇನೆ. ನಿಮಗೆ ಈ ಓಲೆ ಮುಟ್ಟದೇ ಹೋದರೆ, ನನ್ನ ಮಟ್ಟಿಗೆ ನಾನೇ ನೋಡಿಕೊಳ್ಳುತ್ತೇನೆ.

ಇವತ್ತು ಬೆಳಿಗ್ಗೆ ನೀರಿನ ಕಂಬದಿಂದ ಬರುವಾಗ ಸಮಗಾರ ಕಾಕಾನ ಹತ್ತಿರ ಕೂತು ನನ್ನ ಚಪ್ಪಲಿಯ ಕಿತ್ತ ಉಂಗುಷ್ಟ ಹೊಲಿಸಿಕೊಂಡು ಬಂದೆ. ಬಹಳ ನಡೆಯುವುದಿದೆ, ಎರಡೆಳೆ ದಾರ ಹಾಕಿರಿ ಎಂದು ಹೇಳಿದೆ.

ಗುರುದೇವಿ