ತಾರಸಿಯ ಮೇಲಿನ ಜಾಡಿ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನವರಿಗೆ,

ನಿಮ್ಮ ಕಾಗದ ಬಂದು ಇಪ್ಪತ್ತು ದಿನವಾಯಿತು. ಇವಳು ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀರಿ, ಗೊತ್ತು. ಕೆಲಸ ಹೆಚ್ಚಿತ್ತು ಎಂದರೆ ನೀವು ನಂಬುತ್ತೀರಿ, ಆದರೆ ಅದು ಸುಳ್ಳು. ಮೂರು ಸಲ ಬರೆಯಲು ಕೂತು ಮೂರು ಸಲವೂ ಹಾಳೆ ಹರಿದು ಹಾಕಿದೆ. ಫೋನಿನಲ್ಲೇ ಹೇಳಿ ಮುಗಿಸೋಣವೆಂದರೆ, ಒಂಬತ್ತು ವರ್ಷ ಅಲ್ಲಿನ ಗಣಿಯಲ್ಲಿ ಡ್ರಿಲ್ ಮೆಷಿನ್ನಿನ ಪಕ್ಕ ನಿಂತ ನಿಮ್ಮ ಕಿವಿಗೆ ಅರ್ಧ ಮಾತು ಕೇಳುವುದಿಲ್ಲ, ಕೇಳಿತೆಂದು ಒಪ್ಪುವುದೂ ಇಲ್ಲ. ಹೋದ ತಿಂಗಳು ನೀರಿನ ಪಂಪು ಸುಟ್ಟುಹೋಯಿತು ಎಂದು ನಾನು ಗೋಳಾಡಿದರೆ, ‘ಒಳ್ಳೇದಾಯ್ತು ಬಿಡು’ ಎಂದಿರಿ. ಅದಕ್ಕೇ ಕಾಗದ.

ನಾವೆಲ್ಲ ಚೆನ್ನಾಗಿದ್ದೇವೆ. ಮಗಳು ಎರಡು ಬೆರಳು ಉದ್ದವಾಗಿದ್ದಾಳೆ, ಬಾಗಿಲಿನ ಪಟ್ಟಿಯ ಮೇಲೆ ಗೆರೆ ಎಳೆದು ಇಟ್ಟಿದ್ದೇನೆ. ಅತ್ತೆಯ ಮಂಡಿ ಹಾಗೇ ಇದೆ. ಮೆಟ್ಟಿಲ ತಂಟೆಗೆ ಹೋಗಲೇಬಾರದು ಎಂದು ಡಾಕ್ಟರು ಹೇಳಿದ ಮೇಲೆ ಒಂದೂವರೆ ವರ್ಷದಿಂದ ಮೇಲಕ್ಕೆ ಹತ್ತಿಲ್ಲ. ಆದರೆ ಅವರ ಮಾತಿಗೆ ಮಂಡಿ ಬೇಕಿಲ್ಲವಲ್ಲ, ಕೆಳಗೆ ಕೂತೇ ತಾರಸಿಯ ಮೇಲಿರುವ ನನ್ನನ್ನು ಆಳುತ್ತಾರೆ. ಅಂಗಡಿ ನಡೆಯುತ್ತಿದೆ. ಆಸ್ಪತ್ರೆಯ ನರ್ಸುಗಳ ಸಮವಸ್ತ್ರವೆಲ್ಲ ಈಗ ನನ್ನ ಕೈಗೇ ಬರುತ್ತದೆ, ಒಗೆಯುವುದೂ ಇಸ್ತ್ರಿಯೂ.

ಇನ್ನು ನೀವು ಕೇಳಿದ್ದು. ಎರಡು ಪುಟದ ಕಾಗದದಲ್ಲಿ ಹವಾ, ಊಟ, ಹೊಸ ಬೂಟು ಎಲ್ಲ ಬರೆದು ಕಟ್ಟಕಡೆಗೆ ಏನೂ ಅಲ್ಲ ಎನ್ನುವ ಹಾಗೆ ಒಂದು ಸಾಲು ಹಾಕಿದ್ದೀರಿ: ‘ಗಣಿಗೆ ಅನುಮತಿ ಸಿಕ್ಕಿತಾ?’ ಆ ಸಾಲಿಗೋಸ್ಕರವೇ ಮಿಕ್ಕಿದ್ದೆಲ್ಲ ಬರೆದಿರಿ ಎಂಬುದು ನನಗೆ ತಿಳಿಯದೇ?

ಸಿಕ್ಕಿಲ್ಲ. ಮುಂದಕ್ಕೆ ಹೋಗಿದೆ. ಹೋಗಿದ್ದು ನನ್ನಿಂದ.

ಕೈಯಲ್ಲಿರುವುದನ್ನು ಕೆಳಗಿಡಬೇಡಿ, ಪೂರ್ತಿ ಓದಿ. ಊರ ಹಿಂದಿನ ಗುಡ್ಡದಲ್ಲಿ ತೆರೆದ ಗಣಿ ಆದರೆ ಡ್ರಿಲ್ ವಿಭಾಗಕ್ಕೆ ನೀವೇ ಮುಖ್ಯಸ್ಥ ಎಂದು ಕಂಪನಿಯವರು ಕಳಿಸಿದ ಪತ್ರ ಕಪಾಟಿನಲ್ಲೇ ಇದೆ. ಜೂನ್ ಒಳಗೆ ಅನುಮತಿ ಬಂದರೆ ಮಾತ್ರ ಎಂದು ಅದರಲ್ಲಿ ಬರೆದಿರುವುದೂ ನೆನಪಿದೆ. ಎಲ್ಲ ಗೊತ್ತಿದ್ದೇ ಮಾಡಿದ್ದು. ಹೇಗಾಯಿತು ಎಂದು ಹೇಳುತ್ತೇನೆ.

ಅಕ್ಟೋಬರಿನಲ್ಲಿ ಪರಿಸರ ಸರ್ವೆಯ ಹುಡುಗಿಯೊಬ್ಬಳು ನಮ್ಮ ತಾರಸಿಯ ಮೇಲೆ ಒಂದು ಜಾಡಿ ಇಟ್ಟು ಹೋದಳೆಂದು ಬರೆದಿದ್ದೆನಲ್ಲ? ಅಗಲ ಬಾಯಿ, ಸೊಂಟದೆತ್ತರದ ಕಬ್ಬಿಣದ ಸ್ಟ್ಯಾಂಡು. ‘ಮೂರು ತಿಂಗಳು ಇಲ್ಲೇ ಇರುತ್ತೆ ಆಂಟೀ, ತಿಂಗಳಿಗೊಂದ್ಸಲ ಬಂದು ನೋಡ್ತೀನಿ, ಸ್ವಲ್ಪ ಜೋಪಾನ’ ಎಂದಿದ್ದಳು. ಒಳ್ಳೆಯ ಹುಡುಗಿ. ಚಹಾ ಕುಡಿದ ಲೋಟ ತಾನೇ ತೊಳೆದಿಟ್ಟಳು, ಅಲ್ಲಿಗೆ ನಾನು ಸೋತೆ. ಜೋಪಾನ ಎಂದರೆ ನಿಮ್ಮ ಹೆಂಡತಿಗೆ ಏನು ಅರ್ಥ ಎನ್ನುವುದು ಅವಳಿಗೇನು ಗೊತ್ತು? ನೀವು ಸುಮ್ಮನೆ ನನ್ನನ್ನು ‘ಒರೆಸೋ ರಾಣಿ’ ಎನ್ನುತ್ತೀರಾ! ವಾರ ಕಳೆದು ನೋಡಿದರೆ ಜಾಡಿಯೊಳಗೆ ಒಂದು ಪದರ ಧೂಳು, ಕೆಂಪಗೆ, ಜಲ್ಲಿ ಕ್ರಷರಿನ ಬೂದಿ ಬೇರೆ. ಕಂಡವರ ಸಾಮಾನು ನಮ್ಮ ಮನೆಯಲ್ಲಿ ಹೀಗೆ ಕೊಳೆಯುವುದೇ ಎಂದು ಸೋಪು ಹಾಕಿ ಉಜ್ಜಿ, ಬೋರಲು ಹಾಕಿ ಒಣಗಿಸಿ, ಮತ್ತೆ ಸ್ಟ್ಯಾಂಡಿನ ಮೇಲಿಟ್ಟೆ. ಪ್ರತಿ ಸೋಮವಾರ ಹಾಗೇ.

ಫೆಬ್ರವರಿ ಹದಿನಾಲ್ಕಕ್ಕೆ ಸಾರ್ವಜನಿಕರ ಅಹವಾಲು ಸಭೆ ಇಟ್ಟರು, ಶಾಲೆಯ ದೊಡ್ಡ ಹಾಲಿನಲ್ಲಿ. ಮಕ್ಕಳ ಬೆಂಚುಗಳು, ಮಂಡಿ ಗದ್ದಕ್ಕೆ ತಾಗುತ್ತಿತ್ತು. ವೇದಿಕೆಯ ಮೇಲೆ ಸರ್ಕಾರದ ಅಧಿಕಾರಿ, ಕಂಪನಿಯವರು, ಆ ಹುಡುಗಿ. ಮುಂದೆ ತಲೆದಿಂಬಿನಷ್ಟು ದಪ್ಪದ ವರದಿ. ಅಧಿಕಾರಿ ಸಮಾಧಾನದ ಮನುಷ್ಯ. ‘ಇವತ್ತು ನಾನು ಮಾತಾಡೋಕೆ ಬಂದಿಲ್ಲ, ಕೇಳೋಕೆ ಬಂದಿದೀನಿ’ ಎಂದು ಹೇಳಿ ನಿಜವಾಗಿಯೂ ಕೇಳುತ್ತಾ ಕೂತರು. ನೀರಿನ ವಿಚಾರ ಬಂತು, ಸಿಡಿಮದ್ದಿನ ವಿಚಾರ ಬಂತು, ಲಾರಿ ಯಾವ ರಸ್ತೆಯಲ್ಲಿ ಓಡಬೇಕು ಎನ್ನುವುದರಲ್ಲೇ ಒಂದು ಗಂಟೆ ಹೋಯಿತು. ಆಮೇಲೆ ಧೂಳು.

ಹುಡುಗಿ ಎದ್ದು ನಿಂತು ನಿಧಾನಕ್ಕೆ ಬಿಡಿಸಿ ಹೇಳಿದಳು. ಈಗ ಊರಲ್ಲಿ ಎಷ್ಟು ಧೂಳು ಬೀಳುತ್ತದೆ ಎಂದು ನಾಲ್ಕು ಕಡೆ ಜಾಡಿ ಇಟ್ಟು ಅಳೆದಿದ್ದಾರೆ. ಅದರ ಜೊತೆಗೆ ಗಣಿಯಿಂದ ಬರುವ ಧೂಳು ಕೂಡಿಸಬೇಕು, ಕೂಡಿಸಿದ್ದು ಮಿತಿ ದಾಟಬಾರದು. ಗುಡ್ಡಕ್ಕೆ ಎಲ್ಲಕ್ಕಿಂತ ಹತ್ತಿರ ಇರುವುದು ನಮ್ಮ ಬೀದಿ. ಪುಣ್ಯಕ್ಕೆ ಅಲ್ಲಿನ ಗಾಳಿ ಬಹಳ ಸ್ವಚ್ಛ, ಹಾಗಾಗಿ ಗಣಿ ಬಂದರೂ ಕೂದಲೆಳೆಯಷ್ಟು ಒಳಗೇ ಉಳಿಯುತ್ತದೆ, ಎಂದಳು.

ನಮ್ಮ ಬೀದಿ ಸ್ವಚ್ಛ! ಇಪ್ಪತ್ತು ವರ್ಷದಿಂದ ಈ ಬೀದಿಯ ಕಾಲರುಗಳನ್ನು ತಿಕ್ಕಿದವಳು ನಾನು. ಬೆಳಿಗ್ಗೆ ಹರವಿದ ಬಿಳಿ ಹಾಸಿಗೆವಸ್ತ್ರ ಮಧ್ಯಾಹ್ನಕ್ಕೆ ಚಹಾದ ಬಣ್ಣಕ್ಕೆ ತಿರುಗುತ್ತದೆ.

ಆಗ ಎದುರಿನ ಕ್ಷೌರದಂಗಡಿಯವನು ಎದ್ದ. ಅವನ ಹೆಂಡತಿಯ ಉಬ್ಬಸದ ಕಥೆ ನಿಮಗೆ ಗೊತ್ತಲ್ಲ, ಚಳಿಗಾಲದಲ್ಲಿ ಕೂತೇ ನಿದ್ದೆ ಮಾಡುತ್ತಾಳೆ. ಬೆಳಿಗ್ಗೆಯಿಂದ ಗಣಿ ಬೇಡ ಎಂದು ಹಟ ಹಿಡಿದಿದ್ದವನು ಅವನೊಬ್ಬನೇ. ‘ಆ ಜಾಡಿ ಯಾರ ಮನೇಲಿತ್ತು?’ ಎಂದು ಕೇಳಿದ. ಹುಡುಗಿ ನಮ್ಮ ಮನೆ ತೋರಿಸಿದಳು. ಅವನು ನನ್ನ ಕಡೆ ತಿರುಗಿ ನಕ್ಕ. ‘ಹಾಗಾದ್ರೆ ನಂದೇನೂ ತಕರಾರಿಲ್ಲ ಸಾರ್. ಅಕ್ಕನ ಮನೇಲಿ ಇತ್ತು ಅಂದ್ರೆ ಅದರಲ್ಲಿ ಮೋಸ ಇರಲ್ಲ. ನಮ್ಮ ಯಜಮಾನಿಗೆ ನಾನು ಧೈರ್ಯವಾಗಿ ಹೇಳ್ತೀನಿ’ ಎಂದು ಕೂತುಬಿಟ್ಟ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅಂತಾರಲ್ಲ, ನನ್ನ ಕೈ ಅದೇ ಮಾಡಿತು, ಸೆರಗು ಎಳೆದುಕೊಂಡೆ. ಮಗಳು ಪಕ್ಕದಲ್ಲೇ ಇದ್ದಳು. ನೀವು ಬರುವ ದಾರಿ ಅದೊಂದೇ ಎಂದು ಗೊತ್ತಿತ್ತು. ಎರಡು ನಿಮಿಷ ಸುಮ್ಮನಿದ್ದಿದ್ದರೆ ಸಭೆ ಲಾರಿಯ ರಸ್ತೆಗೆ ಮರಳುತ್ತಿತ್ತು. ಆದರೆ ಎದ್ದುಬಿಟ್ಟೆ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂದು ಗಟ್ಟಿಯಾಗಿಯೇ ಹೇಳಿದೆ, ‘ಸಾರ್, ಆ ಲೆಕ್ಕ ತಪ್ಪು. ಜಾಡೀನ ನಾನು ತೊಳೀತಿದ್ದೆ.’

‘ತೊಳೀತಿದ್ರಾ?’

‘ಹೂಂ ಸಾರ್. ಸೋಪು ಹಾಕಿ. ವಾರಕ್ಕೊಂದ್ಸಲ.’

ಹಾಲಿಗೆ ಹಾಲೇ ನಕ್ಕಿತು. ಅಧಿಕಾರಿಯೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕ್ಷೌರದವನು ಮಾತ್ರ ನಗಲಿಲ್ಲ. ನಗು ಇಳಿದ ಮೇಲೆ ಅಧಿಕಾರಿ ಮೆಲ್ಲಗೆ, ‘ಗೊತ್ತಿಲ್ಲದೆ ಮಾಡಿದ್ದು, ಅಲ್ವೇನಮ್ಮಾ?’ ಎಂದರು. ನಾನು ತಲೆಯಾಡಿಸಿದೆ. ಅವರು ಹುಡುಗಿಯ ಕಡೆ ತಿರುಗಿ, ‘ಮನೆಯವರಿಗೆ ಸರಿಯಾಗಿ ತಿಳಿಸಿ ಹೇಳೋದು ನಿಮ್ಮ ಕೆಲಸ ಅಲ್ವಾ?’ ಎಂದು ಎಲ್ಲರ ಮುಂದೆ ಕೇಳಿದರು. ಅವಳು ನನ್ನನ್ನೇ ನೋಡಿದಳು, ಆಮೇಲೆ ಮುಂದಿದ್ದ ವರದಿ ಮುಚ್ಚಿದಳು.

ಅಷ್ಟೇ ನಡೆದದ್ದು. ಅನುಮತಿ ಇಲ್ಲ ಎಂದಿಲ್ಲ, ಮತ್ತೆ ಮೂರು ತಿಂಗಳು ಅಳೆಯಬೇಕು ಎಂದರು. ಆಮೇಲೆ ಹೊಸ ವರದಿ, ಹೊಸ ಸಭೆ. ಈ ಸಲದ ಜಾಡಿ ಕ್ಷೌರದಂಗಡಿಯ ಮೇಲೆ, ಬೀಗ ಹಾಕಿದ ತಂತಿ ಬಲೆಯೊಳಗೆ. ಜನ ಅದಕ್ಕೆ ‘ಅಕ್ಕನ ಪಂಜರ’ ಎಂದು ಹೆಸರಿಟ್ಟಿದ್ದಾರೆ. ಕಂಪನಿಯವರು ಬಾಗಿಲಲ್ಲಿ ಸಿಕ್ಕು ಮರ್ಯಾದೆಯಿಂದಲೇ ಹೇಳಿದರು, ‘ಇದೆಲ್ಲ ಮುಗಿಯೋಕೆ ವರ್ಷ ಆಗುತ್ತಮ್ಮ. ಯಜಮಾನರಿಗೆ ಕೊಟ್ಟ ಪತ್ರ ಅಲ್ಲಿವರೆಗೆ ನಿಲ್ಲಲ್ಲ.’

ಗಣಿ ಬೇಡ ಎಂದು ನಾನು ಹೇಳಲಿಲ್ಲ. ಸರಿಯಾಗಿ ಅಳೆದು, ಸರಿಯಾಗಿ ಬಂದರೆ ಬರಲಿ. ಆದರೆ ಇದರಿಂದ ನಿಮಗೆ ಆದದ್ದು ಏನು ಎಂಬುದು ನನಗೆ ಗೊತ್ತು. ಹೋದ ರಜೆಗೆ ಬಂದಾಗ ನಿಮ್ಮ ಅಂಗಿಗಳನ್ನು ಮೂರು ನೀರಲ್ಲಿ ತೆಗೆದರೂ ಕೆಂಪು ಬಿಡುತ್ತಲೇ ಇತ್ತು. ಹನ್ನೆರಡೇ ದಿನ ಇದ್ದಿರಿ, ಹತ್ತನೇ ದಿನದಿಂದಲೇ ಪೆಟ್ಟಿಗೆ ಕಟ್ಟಲು ಶುರು. ನನಗೆ ನೀವು ಬೇಕು. ಇಷ್ಟು ವರ್ಷ ಇದನ್ನು ಬರೆಯಲಿಲ್ಲ, ಬರೆದರೆ ನಿಮ್ಮ ಕೆಲಸ ಕೆಡುತ್ತದೆ ಎಂದು. ಜನವರಿಯಲ್ಲಿ ಕಪಾಟಿನ ಮೇಲಿನ ಖಾನೆ ನಿಮಗೆಂದು ಖಾಲಿ ಮಾಡಿದ್ದೆ. ಅದನ್ನು ತುಂಬಿಸಿಲ್ಲ, ಹಾಗೇ ಇದೆ.

ಬೈಯುವುದಿದ್ದರೆ ಬೈದು ಬರೆಯಿರಿ. ಆದರೆ ಬೇಗ ಬರೆಯಿರಿ. ಮಗಳು ಮುತ್ತು ಕಳಿಸಿದ್ದಾಳೆ, ಎಷ್ಟು ಎಂದು ಹೇಳಬಾರದಂತೆ. ‘ಅವನಿಗೆ ದೇವರು ಆಯಸ್ಸು ಕೊಡಲಿ, ಕಿವಿಗೆ ಹತ್ತಿ ಇಟ್ಕೋ ಅಂತ ಬರಿ’ ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದಾರೆ. ಅವರ ಆಶೀರ್ವಾದವೂ ಬೈಗುಳದ ಹಾಗೇ ಕೇಳುತ್ತದೆ, ಸಂತೋಷದಿಂದ ತೆಗೆದುಕೊಳ್ಳಿ.

ನಿಮ್ಮ
ಒರೆಸೋ ರಾಣಿ

ಮರೆತಿದ್ದು ಎಂದು ಬರೆಯಲು ಹೊರಟೆ. ಮರೆತದ್ದಲ್ಲ, ಮೂರು ಹಾಳೆ ಹರಿದದ್ದು ಇದಕ್ಕೇ. ಗೊತ್ತಿಲ್ಲದೆ ತೊಳೆದದ್ದು ಮೊದಲ ತಿಂಗಳು ಮಾತ್ರ. ತಿಂಗಳ ಕೊನೆಗೆ ಆ ಹುಡುಗಿ ಬಂದು, ಜಾಡಿ ನೋಡಿ ಇಷ್ಟೇ ಧೂಳೇ ಎಂದು ಆಶ್ಚರ್ಯಪಟ್ಟು, ಚಹಾ ಕುಡಿಯುತ್ತಾ ನಮ್ಮ ನಡುಮನೆಯಲ್ಲೇ ಎಲ್ಲ ಬಿಡಿಸಿ ಹೇಳಿದ್ದಳು. ಧೂಳು ಬೀಳಲಿ ಎಂದೇ ಇಟ್ಟದ್ದು, ಕಡಿಮೆ ಬಿದ್ದರೆ ಗಣಿ ಸಲೀಸು, ಹೆಚ್ಚಾದರೆ ಕಷ್ಟ ಎಂದು. ತೊಳೆದದ್ದು ಹೇಳದೆ ನಾನು ಹೂಂ ಹೂಂ ಎಂದು ಕೇಳಿಸಿಕೊಂಡೆ. ಮರು ಸೋಮವಾರ ಮತ್ತೆ ಹತ್ತಿ ತೊಳೆದೆ. ಆಮೇಲೂ ತೊಳೆದೆ, ನೀವು ಬರುವ ದಿನ ನಿಮ್ಮ ತಟ್ಟೆ ತೊಳೆದಿಡುವ ಹಾಗೆ. ಸಭೆಯಲ್ಲಿ ಇದನ್ನು ಹೇಳಲಿಲ್ಲ, ತಲೆಯಾಡಿಸಿ ಪಾರಾದೆ. ಆ ಹುಡುಗಿಯ ತಲೆಗೆ ಬಂತು. ಅವಳನ್ನು ಕೆಲಸದಿಂದ ಬಿಡಿಸುವ ಮಾತು ನಡೆದಿದೆಯಂತೆ. ನಾಳೆ ಅಧಿಕಾರಿಯ ಕಚೇರಿಗೆ ಹೋಗಿ ಬರೆದು ಕೊಟ್ಟು ಬರುತ್ತೇನೆ, ಎಲ್ಲ ತಿಳಿದೂ ನಾನೊಬ್ಬಳೇ ತೊಳೆದೆ ಎಂದು. ನಿಮಗೆ ಮೊದಲು ಹೇಳಬೇಕಿತ್ತು, ಹೇಳಿದೆ.

ನಾನೊಬ್ಬಳೇ ಎನ್ನುವುದೂ ಪೂರ್ತಿ ನಿಜವಲ್ಲ, ಆದರೆ ಹಾಗೇ ಬರೆಯುತ್ತೇನೆ. ಹುಡುಗಿ ಹೇಳಿದ್ದನ್ನು ಒಳಕೋಣೆಯಿಂದ ಅತ್ತೆಯೂ ಕೇಳಿಸಿಕೊಂಡಿದ್ದರು. ಡಿಸೆಂಬರಿನಲ್ಲಿ ಒಂದು ವಾರ ಜ್ವರ ಬಂದು ನಾನು ಮಲಗಿದ್ದೆ. ಎದ್ದು ತಾರಸಿಗೆ ಹೋಗಿ ನೋಡಿದರೆ ಜಾಡಿ ತೊಳೆದು ಬೋರಲು ಹಾಕಿತ್ತು, ಇನ್ನೂ ಹಸಿ. ಇಳಿದು ಬಂದೆ. ಅತ್ತೆ ಕೊನೆಯ ಮೆಟ್ಟಿಲ ಮೇಲೆ ಕೂತು ಎರಡೂ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.