ಕ್ಯಾರೆಟ್ ಸಿಪ್ಪೆ ಮತ್ತು ನನ್ನ ಹೋರಿಯ ಕಣ್ಣು

ನಮ್ಮ ಜಿಲ್ಲೆಯ ನೈರ್ಮಲ್ಯ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ಮದುವೆಮನೆಯ ಕ್ಯಾರೆಟ್ ಸಿಪ್ಪೆಯನ್ನು ತಮ್ಮ ಕಸದ ಲಾರಿಯವರಲ್ಲದೆ ಬೇರಾರೂ ಮುಟ್ಟಕೂಡದೆಂದು ತಾವು ಆದೇಶ ಹೊರಡಿಸಿದ್ದೀರಿ. ಆ ಸಿಪ್ಪೆಯಿಲ್ಲದೆ ನನ್ನ ಹೋರಿ ಕುರುಡಾಗುತ್ತಿದೆ. ಬಕ್ರೀದಿಗೆ ಇನ್ನು ಹದಿನೆಂಟೇ ದಿನ. ಈ ಹೋರಿಯಲ್ಲಿ ನಮ್ಮ ಬೀದಿಯ ಏಳು ಮನೆಗಳ ಪಾಲಿದೆ. ಕುರುಡು ಪ್ರಾಣಿ ಕುರ್ಬಾನಿಗೆ ಸಲ್ಲದು ಎಂಬುದನ್ನು, ಹಬ್ಬದ ನಮಾಜಿಗೆ ಮೊದಲ ಸಾಲಿನಲ್ಲೇ ನಿಲ್ಲುವ ತಮಗೆ ನಾನು ಹೇಳಿಕೊಡಬೇಕೆ?

ಉಜ್ಬೇಕಿಸ್ತಾನದಲ್ಲೇ ಹತ್ತಿಗೆ ಹೆಸರಾದ ನಮ್ಮ ಫರ್ಗಾನಾ ಕಣಿವೆಯಲ್ಲಿ ಎತ್ತ ನೋಡಿದರೂ ಹತ್ತಿ. ಹಾಗಾಗಿ ನಮ್ಮ ಹೋರಿಗಳು ಎಣ್ಣೆಗಿರಣಿಯ ಹತ್ತಿಕಾಳಿನ ಹೊಟ್ಟು, ಹಿಂಡಿ ತಿಂದೇ ಕೊಬ್ಬುತ್ತವೆ. ಮೈಯೇನೋ ತುಂಬುತ್ತದೆ, ಹಸಿರು ಸಿಗದೆ ಕಣ್ಣು ಮಂಜಾಗುತ್ತದೆ. ಎರಡು ತಿಂಗಳ ಹಿಂದೆ ಒಂದು ಮುಸ್ಸಂಜೆ ನನ್ನ ಹೋರಿ ತರ್ಗಿಲ್ ನೀರಿನ ತೊಟ್ಟಿಗೇ ಹಾಯ್ದು ಮುಗ್ಗರಿಸಿದ. ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂದುಕೊಂಡ ನಾನು, ಮೂರ್ಖಳು, ಮೂರು ದಿನ ಇಸಿರಿಕ್ ಸೊಪ್ಪಿನ ಹೊಗೆ ಹಾಕಿದೆ. ಹೋರಿ ಸೀನಿತು, ಅಷ್ಟೇ. ಪಕ್ಕದ ಮನೆಯ ಮುಖರ್ರಮ್ ಖಾಲಾ ಬಾಗಿಲಲ್ಲೇ ನಿಂತು ಬೈದರು:

"ಹೊಗೆ ಹಾಕಿ ಇರೋ ಕಣ್ಣನ್ನೂ ಕಳೀತೀಯೇನೇ, ಎನಾಖಾನ್? ಬರೀ ಹೊಟ್ಟು ತಿಂದೇ ಅದಕ್ಕೆ ಹೀಗಾಗಿರೋದು. ನಾಳೆ ನಮ್ಮನೆ ಮದುವೆಗೆ ಕ್ಯಾರೆಟ್ ಹೆಚ್ಚೋಕೆ ಬರ್ತೀಯಲ್ಲ, ಒಂದು ಚೀಲ ತಗೊಂಡ್ ಬಾ."

ಮದುವೆಯ ಪಲಾವಿಗೆ ಹಿಂದಿನ ದಿನ ನೆರೆಹೊರೆಯವರೆಲ್ಲ ಕೂತು ಕ್ಯಾರೆಟ್ ಹೆಚ್ಚುವುದು ತಮಗೂ ಗೊತ್ತು. ತಮ್ಮ ಮಗಳ ಮದುವೆಗೆ ನಾನೇ ಎರಡು ಬುಟ್ಟಿ ಹೆಚ್ಚಿದ್ದೆ. ಮರುದಿನ ಖಾಲಾ ಮನೆಯಿಂದ ಸಿಪ್ಪೆ, ಸೊಪ್ಪು ಹೊತ್ತು ತಂದೆ. ಮುಂದೆ ಒಂದು ತಿಂಗಳು ಕರೆಯದ ಮದುವೆಮನೆಗಳಿಗೂ ಚೀಲ ಹಿಡಿದು ಹೋದೆ. ಜನ ನಕ್ಕರು, ನಗಲಿ. ಒಂದು ಸಂಜೆ ತರ್ಗಿಲ್ ತೊಟ್ಟಿಯನ್ನು ಕಂಡು, ಸುತ್ತಿಕೊಂಡು ನಡೆದ. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಮರುದಿನವೇ ತಮ್ಮ ಆದೇಶ ಬಂತು.

ಪಶುಗಳಿಗೆ ಕಸ ತಿನ್ನಿಸುವುದು ಅನಾಗರಿಕ ಎಂದು ಅದರಲ್ಲಿ ಬರೆದಿದ್ದೀರಿ. ಹಾಗಾದರೆ ಹತ್ತಿಯ ಹೊಟ್ಟೇನು ಬಾದಾಮಿಯೇ? ಹೊಲದಲ್ಲಿ ಹಸಿರು ಮೇವಿಗೆ ಒಂದು ಗೇಣು ಜಾಗ ಬಿಟ್ಟಿದ್ದೀರಾ? ಮೊನ್ನೆ ಲಾರಿಯವನನ್ನು ಒಂದೇ ಒಂದು ಚೀಲಕ್ಕಾಗಿ ಬೇಡಿಕೊಂಡೆ.

"ನಮ್ಮನೇಲೂ ಹಸು ಇದೆ ಅಕ್ಕಾ, ನಂಗೇ ಸಿಗಲ್ಲ," ಎಂದು ಮುಖ ತಿರುಗಿಸಿದ. ಸಿಪ್ಪೆಯೆಲ್ಲ ಊರಾಚೆಯ ಗುಂಡಿಯಲ್ಲಿ ನಾಗರಿಕವಾಗಿ ಕೊಳೆಯುತ್ತಿದೆ. ನಿನ್ನೆ ಸಂಜೆ ತರ್ಗಿಲ್ ಮತ್ತೆ ತೊಟ್ಟಿಗೆ ಹಾಯ್ದ.

ಈ ಆದೇಶವನ್ನು ಈ ವಾರವೇ ಹಿಂತೆಗೆದುಕೊಳ್ಳಿ. ಆಗದಿದ್ದರೆ ಹೋರಿ ಕುರ್ಬಾನಿಗೆ ಒದಗುವುದಿಲ್ಲವೆಂದು ಪಾಲುದಾರರಿಗೆ ತಿಳಿಸಬೇಕು. ಆರು ಮನೆಗಳಿಗೆ ನಾನು ಹೋಗಿ ಹೇಳುತ್ತೇನೆ. ಏಳನೆಯ ಪಾಲು ತಮ್ಮ ತಾಯಿಯದು. ಅವರಿಗೆ ತಾವೇ ಬಂದು ಹೇಳಿ.

ಇಂತಿ,
ತಮ್ಮ ಮಗಳ ಮದುವೆಯಲ್ಲಿ ಕ್ಯಾರೆಟ್ ಹೆಚ್ಚಿ, ಸಿಪ್ಪೆಯನ್ನು ಅಲ್ಲೇ ಬಿಟ್ಟು ಬಂದ ಪೆದ್ದಿ,
ಎನಾಖಾನ್