ಸೋಮವಾರದ ಹಗ್ಗಗಳು

ಸೋಮವಾರ, 6 ಏಪ್ರಿಲ್ 1953

ಬಟ್ಟೆ ಒಗೆದು ಹರವಿದ್ದಾಯಿತು. ಸೊಂಟ ನೋವು. ನಡುವೆ ವರ್ಡೀನ್ ಬಂದಳು, ನನ್ನ ಹಳೆಯ ವಿದ್ಯಾರ್ಥಿನಿ. ಅವಳದು ನೆಲಮಾಳಿಗೆಯ ಒಂದೇ ಕೋಣೆ, ಮೂರು ಮಕ್ಕಳು, ಗೋಡೆಯಲ್ಲಿ ನೀರು. ಕಿರಿಯವಳಿಗೆ ಕೆಮ್ಮು ಬಿಟ್ಟಿಲ್ಲ. ಹಾರ್ಲನ್ ಕೋರ್ಟ್ ಬಡಾವಣೆಯಲ್ಲಿ ಸರ್ಕಾರಿ ಮನೆ ಕೇಳಿ ಐದನೇ ಅರ್ಜಿ.

"ಒಂದು ಮನೇನೂ ಖಾಲಿ ಇಲ್ವಂತೆ ಟೀಚರ್. ಮ್ಯಾನೇಜರ್ ಕ್ರೆಬ್ಸ್ ತಲೆ ಎತ್ತಿ ನೋಡ್ಲೂ ಇಲ್ಲ."

1938ರಲ್ಲಿ ನಮ್ಮ ಬೀದಿ ಕೆಡವಿಯೇ ಅದನ್ನು ಕಟ್ಟಿದ್ದು. ನಿಮಗೂ ಮನೆ ಕೊಡುತ್ತೇವೆ ಎಂದಿದ್ದರು. ಇವತ್ತಿನವರೆಗೂ ನಮ್ಮ ಕಪ್ಪು ಬಣ್ಣದವರಿಗೆ ಒಂದು ಬಾಗಿಲೂ ತೆರೆದಿಲ್ಲ. ನಾನು ಮರೆತಿದ್ದೇನೆ ಅಂದುಕೊಂಡಿದ್ದಾರೆ!

ಮಧ್ಯಾಹ್ನ ಆ ಕಡೆ ನಡೆದೆ. ಅಲ್ಲಿ ಬಟ್ಟೆ ಒಣಗಿಸಲು ಮನೆಗೊಂದು ಹಗ್ಗ. ಸೋಮವಾರ ಊರಿಗೆ ಊರೇ ಬಟ್ಟೆ ಒಗೆಯುತ್ತದೆ. ಆದರೂ ಹನ್ನೊಂದು ಹಗ್ಗ ಬೋಳು...

ಮಂಗಳವಾರ, 14 ಏಪ್ರಿಲ್

ನಿನ್ನೆಯೂ ಅದೇ ಹನ್ನೊಂದು. ಮನೆ ನಂಬರ್ ಸಮೇತ ಬರೆದು, ವರ್ಡೀನ್ ಕೇಸು ಹಿಡಿದಿರುವ ವಕೀಲ ಗೇನ್ಸ್‌ಗೆ ಕೊಟ್ಟೆ.

"ಕೋರ್ಟಲ್ಲಿ ಹಗ್ಗ ಸಾಕ್ಷಿ ಹೇಳುತ್ತಾ ಟೀಚರ್?"

"ಹೇಳುತ್ತೆ ಕಣಪ್ಪಾ. ನಡುವೆ ನೀನು ಬಾಯಿ ಹಾಕದಿದ್ರೆ."

ಶುಕ್ರವಾರ, 17 ಏಪ್ರಿಲ್

ನ್ಯಾಯಾಧೀಶರು ಸೋಮವಾರ ತಾವೇ ಬಂದು ಹಗ್ಗ ನೋಡುತ್ತಾರಂತೆ! ಕ್ರೆಬ್ಸ್‌ಗೂ ನೋಟಿಸ್ ಹೋಗಿದೆ.

ಭಾನುವಾರ, 19 ಏಪ್ರಿಲ್

ನಗು ಇನ್ನೂ ನಿಂತಿಲ್ಲ. ಬೆಳಿಗ್ಗೆ ಚರ್ಚಿಗೆ ಹೊರಟರೆ ಹನ್ನೊಂದು ಹಗ್ಗದ ಮೇಲೂ ಬಿಳಿ ದುಪ್ಪಟಿ! ನಾಳೆಯ ಕೆಲಸ ಕ್ರೆಬ್ಸ್ ಇವತ್ತೇ ಮುಗಿಸಿದ್ದಾನೆ. ಪಾಪ, ಬ್ರಹ್ಮಚಾರಿ, ಅವನ ಬಟ್ಟೆ ಒಗೆಯುವುದು ಲಾಂಡ್ರಿಯವರು. ದೇವರ ದಿನವಾದ ಭಾನುವಾರ ಹಗ್ಗಕ್ಕೆ ಬಟ್ಟೆ ಹಾಕುವ ಹೆಂಗಸು, ಬಿಳಿಯಳಾಗಲಿ ನಮ್ಮವಳಾಗಲಿ, ಈ ಊರಲ್ಲಿ ಹುಟ್ಟಿಲ್ಲ.

ಗರಿಯ ಟೋಪಿ ಹಾಕಿದ ನಮ್ಮ ಚರ್ಚಿನ ಲೂಲಾಬೆಲ್ ಅಕ್ಕ ನಡುಬೀದಿಯಲ್ಲೇ ನಿಂತಳು. "ನೋಡ್ರೇ, ದೆವ್ವಗಳ ಮನೇಲಿ ಇವತ್ತು ಬಟ್ಟೆ ಒಗೆದವ್ರೆ!"

ಪಾದ್ರಿಗಳು ಕ್ಯಾಮೆರಾ ತಂದು ಫೋಟೋ ಹೊಡೆದರು. ಆರಾಧನೆ ಅರ್ಧ ಗಂಟೆ ತಡ. ದೇವರು ಕ್ಷಮಿಸುತ್ತಾನೆ—ಅವನೂ ನಗುತ್ತಿದ್ದಿರಬೇಕು.

ಬುಧವಾರ, 22 ಏಪ್ರಿಲ್

ಸೋಮವಾರ ಹಗ್ಗ ನೋಡಿ ಹೋಗಿದ್ದ ನ್ಯಾಯಾಧೀಶರು ಇವತ್ತು ಕೋರ್ಟಲ್ಲಿ ಭಾನುವಾರದ ಫೋಟೋ ನೋಡಿ ಕನ್ನಡಕ ತೆಗೆದರು. "ಏನ್ರೀ ಕ್ರೆಬ್ಸ್, ನಿಮ್ಮ ತಾಯಿ ಭಾನುವಾರ ಬಟ್ಟೆ ಒಣಗಿಸ್ತಿದ್ರಾ?"

"ಇಲ್ಲ ಸ್ವಾಮಿ."

"ನಮ್ಮಮ್ಮ ಆಗಿದ್ರೆ ಬೆನ್ನ ಮೇಲೆ ಬಾರಿಸ್ತಿದ್ಲು."

ಕೋರ್ಟಿಗೆ ಕೋರ್ಟೇ ನಕ್ಕಿತು. ಹನ್ನೊಂದು ಮನೆಯನ್ನೂ ಅರ್ಜಿ ಬಂದ ಸರದಿಯಲ್ಲೇ ಕೊಡಬೇಕು, ಬಣ್ಣ ನೋಡಕೂಡದು. ವರ್ಡೀನ್ ಹೆಸರೇ ಮೊದಲು! ಹದಿನೈದು ವರ್ಷ...

ಸೋಮವಾರ, 1 ಜೂನ್, ಬೆಳಿಗ್ಗೆ ಎಂಟು

ವರ್ಡೀನ್ ಮನೆಯ ಹಿತ್ತಲ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಹಗ್ಗದ ಮೇಲೆ ಮೊದಲು ಕಿರಿಯವಳ ಹಳದಿ ಫ್ರಾಕು. ನಿನ್ನೆ ರಾತ್ರಿ ಕೆಮ್ಮಲಿಲ್ಲವಂತೆ. ಪಕ್ಕದ ಮನೆಯ ಬಿಳಿ ಹೆಂಗಸು ಕಿಟಕಿ ಧಡ್ ಎಂದು ಮುಚ್ಚಿದಳು. ಮುಚ್ಚಲಿ, ಗಾಳಿಯೇನೂ ನಿಂತಿಲ್ಲ. ಇನ್ನು ಹತ್ತು ಹಗ್ಗ. ಮುಂದಿನ ವಾರ ಲೂಲಾಬೆಲ್ ಮಗಳು ಬಂದರೆ—

"ಟೀಚರ್, ಬರ್ದಿದ್ದು ಸಾಕು! ದುಪ್ಪಟಿ ಆ ತುದಿ ಹಿಡ್ಕೊಳ್ಳಿ, ನೆಲ ಮುಟ್ತಾ ಇದೆ!"

ಬಂ—